ಹೂವಿನಲ್ಲಿ ಕೊಂಡ ಆಟ

ಮಾಗಡಿ ರಾಮನಗರಗಳ ಸೀಮೆಯಲ್ಲಿ ಮಾವಿನ ತೋಪನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ಹೂವಿನ ಮೇಲಣ ವ್ಯಾಪಾರವೆಂದರೆ ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಪುಷ್ಯ ಮಾಘ ಮಾಸಗಳಲ್ಲಿ ಮರವು ಮೈತುಂಬ ಹೂತು ನಿಂತಿತೆಂದರೆ ಗುತ್ತಿಗೆದಾರನು ತೋಪಿನೊಳಕ್ಕೆ ಬಂದು, ಮರಗಳನ್ನು ಎಣಿಸಿ, ಗೊಂಚಲುಗಳನ್ನು ತಲೆಯೆತ್ತಿ ನೋಡಿ, ಬರಲಿರುವ ಫಸಲಿಗೆ ಆಗಲೇ ಒಂದು ಬೆಲೆಯನ್ನು ಕಟ್ಟಿ ಮುಂಗಡವನ್ನು ಕೊಟ್ಟುಹೋಗುತ್ತಾನೆ. ಆ ಬಳಿಕ ಬೂದಿರೋಗವು ತಗುಲಿದರೂ, ಜಿಗಿಹುಳುವು ಬಿದ್ದರೂ, ಆಲಿಕಲ್ಲಿನ ಮಳೆಯು ಮಿಡಿಗಳನ್ನೆಲ್ಲ ನೆಲಕ್ಕೆ ಕೆಡವಿದರೂ ನಷ್ಟವು ಅವನದು. ಫಸಲು ಒದಗಿ ಬಂದರೆ ಲಾಭವೂ ಅವನದೇ. ಇದಕ್ಕಾಗಿಯೇ ಹೂವಿನ ಬೆಲೆಯು ಹಣ್ಣಿನ ಬೆಲೆಗಿಂತ ಬಹಳ ಕಡಿಮೆಯಾಗಿರುತ್ತದೆ. ಕಾಣದ ಹಣ್ಣಿಗೆ ಹಣ ಕೊಡುವವನು ಅಗ್ಗವಾಗಿ ಕೊಳ್ಳಬೇಕೆಂಬುದು ಯಾರೂ ಬರೆದಿಡದಿದ್ದರೂ ಎಲ್ಲರೂ ನಡೆಸಿಕೊಂಡು ಬಂದಿರುವ ನ್ಯಾಯ.

ಈಗ ಇದೇ ಬಗೆಯ ವ್ಯಾಪಾರವು ನಮ್ಮ ಮನೆಗಳೊಳಕ್ಕೆ ಬೇರೊಂದು ದಾರಿಯಿಂದ ಬಂದಿರುವುದು. ಮನೆಯ ಹುಡುಗನು ಕಂಪ್ಯೂಟರಿನ ಮುಂದೆ ಕುಳಿತು, ಇನ್ನೂ ಪೂರ್ತಿಯಾಗಿ ಸಿದ್ಧವಾಗದೆ ಮುಂದೆಂದೋ ಹೊರಬರಲಿರುವ ಒಂದು ಕಾರು ಪಂದ್ಯದ ವಿಡಿಯೋ ಗೇಮಿಗೆ ಇಂದೇ ಹಣ ಕೊಡಬೇಕೆಂದು ಕೇಳುತ್ತಾನೆ. ಕೊಟ್ಟರೆ ಆಟದ ಅಪೂರ್ಣವಾದ ಮೊದಲ ರೂಪವು ಒಡನೆಯೇ ಕೈಗೆ ಬರುತ್ತದಂತೆ. ಉಳಿದುದು ಆಮೇಲೆ ಬರುತ್ತದಂತೆ. ಸಿದ್ಧವಾಗದ ವಸ್ತುವಿಗೆ ಯಾರಾದರೂ ಹಣ ಕೊಡುವುದುಂಟೆ ಎಂದು ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ಹೂವನ್ನು ನೋಡಿ ಬೆಲೆ ಕಟ್ಟಬಲ್ಲ ಸೀಮೆಯವರು ಇಷ್ಟು ಬೇಗ ಅಚ್ಚರಿಪಡಬೇಕಾದುದಿಲ್ಲ. ಯಾವ ಹೂವು, ಎಷ್ಟು ಬೆಲೆ, ನಷ್ಟವು ಯಾರ ಪಾಲಿಗೆ ಎಂದು ವಿಚಾರಿಸಿದರೆ ಸಾಕು.

ಈ ಆಟಗಳನ್ನು ಕಾಣದ ವಾಚಕರಿಗಾಗಿ ಒಂದೆರಡು ಮಾತು. ಪರದೆಯ ಮೇಲೆ ನಿಜವಾದ ಕಂಪನಿಗಳ ನಿಜವಾದ ಕಾರುಗಳೂ, ಲೋಕಪ್ರಸಿದ್ಧವಾದ ಪಂದ್ಯಪಥಗಳೂ ಯಥಾವತ್ತಾಗಿ ಮೂಡುತ್ತವೆ. ಆಡುವವನು ಗುಂಡಿಗಳನ್ನೊತ್ತಿಯೋ, ಮೇಜಿಗೆ ಬಿಗಿದ ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿಯೋ ಕಾರನ್ನು ನಡೆಸುತ್ತಾನೆ. ಉತ್ತಮವಾದ ಆಟಗಳಲ್ಲಿ ಟೈರು ಕಾಯುವುದು, ಸವೆಯುವುದು, ಒದ್ದೆ ದಾರಿಯಲ್ಲಿ ಜಾರುವುದು ಮೊದಲಾದುವೆಲ್ಲ ಲೆಕ್ಕಾಚಾರದಿಂದ ನಡೆಯುತ್ತವೆ. ಹಣವನ್ನು ಪಣವಾಗಿಟ್ಟು ಆಡುವ ಆಟಗಳು ಇವಲ್ಲ. ಅಂಥವನ್ನು ನಮ್ಮ ದೇಶದಲ್ಲಿ ೨೦೨೫ರ ಶಾಸನವು ನಿಷೇಧಿಸಿತು. ಆ ಭಯವನ್ನು ಇದರೊಡನೆ ಬೆರೆಸಬಾರದು.

ಮುಂಚಿತವಾದ ರೂಪಕ್ಕೆ ಬೆಲೆ ಪಡೆಯುವ ಪದ್ಧತಿಯನ್ನು ಹೆಸರುವಾಸಿ ಮಾಡಿದವರಲ್ಲಿ ಜಪಾನಿನ ಪಾಲಿಫೊನಿ ಡಿಜಿಟಲ್ ಎಂಬ ಸಂಸ್ಥೆಯವರು ಮುಖ್ಯರು. ಕಜುನೊರಿ ಯಮಾಉಚಿ ಎಂಬ ನಿರ್ಮಾಪಕನ ಮುಂದಾಳುತನದಲ್ಲಿ ಅವರು ೧೯೯೭ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ 'ಗ್ರಾನ್ ಟುರಿಸ್ಮೊ' ಎಂಬ ಆಟವನ್ನು ಹೊರತಂದರು. ಅದರ ನಾಲ್ಕನೆಯ ಭಾಗವು ತಡವಾದಾಗ ೨೦೦೩ರ ಡಿಸೆಂಬರಿನಲ್ಲಿ 'ಪ್ರೊಲೋಗ್' ಎಂಬ ಹೆಸರಿನಿಂದ ಒಂದು ಕಿರುರೂಪವನ್ನು ಜಪಾನಿನಲ್ಲಿ ಮಾರಿದರು. ಐದನೆಯ ಭಾಗಕ್ಕೂ ಹೀಗೆಯೇ ಆಯಿತು. ೨೦೦೭ರ ಡಿಸೆಂಬರ್ ೧೩ರಂದು ಜಪಾನಿನಲ್ಲಿಯೂ, ಮರುವರ್ಷ ಯೂರೋಪು ಅಮೆರಿಕಗಳಲ್ಲಿಯೂ 'ಗ್ರಾನ್ ಟುರಿಸ್ಮೊ ೫ ಪ್ರೊಲೋಗ್' ಮಾರಾಟಕ್ಕೆ ಬಂದಿತು.

ಪ್ರೊಲೋಗ್ ಎಂದರೆ ನಮ್ಮ ಪ್ರಸ್ತಾವನೆ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಇದರ ಪರಿಚಯವುಂಟಷ್ಟೆ. ನಾಂದಿಯಾದೊಡನೆ ಸೂತ್ರಧಾರನು ಬಂದು ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಹೇಳುತ್ತಾನೆ. ಶಾಕುಂತಲದಲ್ಲಿ ನಟಿಯು ಗ್ರೀಷ್ಮ ಋತುವನ್ನು ಕುರಿತು ಒಂದು ಗೀತವನ್ನು ಹಾಡುತ್ತಾಳೆ. ಸಭಿಕರ ಮನಸ್ಸು ಹದವಾದ ಮೇಲೆ ರಾಜನ ರಥವು ರಂಗವನ್ನು ಪ್ರವೇಶಿಸುತ್ತದೆ. ಆ ನಾಟಕದಲ್ಲಿಯೂ ಆರಂಭವು ರಥದ ಓಟವೇ ಎಂಬುದು ಇಲ್ಲಿ ನೆನಪಿಗೆ ಬರುವ ಮಾತು. ಆದರೆ ಪ್ರಸ್ತಾವನೆಗೆಂದು ಪ್ರತ್ಯೇಕವಾಗಿ ಹಣ ತೆಗೆದುಕೊಂಡು, ರಥವು ಮೂರು ವರ್ಷಗಳ ಮೇಲೆ ಬರುವುದೆಂದು ಸಭಿಕರನ್ನು ಮನೆಗೆ ಕಳುಹಿಸಿದ ಸೂತ್ರಧಾರನು ನಮ್ಮಲ್ಲಿ ಯಾರೂ ಇರಲಿಲ್ಲ.

ಅಮೆರಿಕದಲ್ಲಿ ಈ ಪ್ರಸ್ತಾವನೆಯ ಬೆಲೆ ಸುಮಾರು ೪೦ ಡಾಲರು. ಅದರಲ್ಲಿ ಎಪ್ಪತ್ತರಷ್ಟು ಕಾರುಗಳೂ, ಜಪಾನಿನ ಸುಜುಕ ಮತ್ತು ಫುಜಿ, ಅಮೆರಿಕದ ಡೇಟೋನ, ಲಂಡನ್ ನಗರದ ಬೀದಿಗಳು ಇವೇ ಮೊದಲಾದ ಆರು ಪಥಗಳೂ ಇದ್ದುವು. ಪೂರ್ಣವಾದ ಆಟವು ೨೦೧೦ರ ನವೆಂಬರ್ ೨೪ರಂದು ಹೊರಬಂದಾಗ ಅದರಲ್ಲಿ ಕಾರುಗಳೇ ಸಾವಿರಕ್ಕೆ ಮೇಲ್ಪಟ್ಟಿದ್ದುವು. ಬೆಲೆ ೬೦ ಡಾಲರು. ಪ್ರಸ್ತಾವನೆಯನ್ನು ಕೊಂಡಿದ್ದವರು ಇದನ್ನು ಬೇರೆಯಾಗಿಯೇ ಕೊಳ್ಳಬೇಕಾಯಿತು. ಹೀಗಿದ್ದರೂ ಆ ಪ್ರಸ್ತಾವನೆಯ ಪ್ರತಿಗಳು ಜಗತ್ತಿನಲ್ಲಿ ಐವತ್ತು ಲಕ್ಷಕ್ಕೂ ಮೀರಿ ಖರ್ಚಾದುವು. ಐವತ್ತು ಲಕ್ಷ ಮಂದಿಯೂ ಅವಿವೇಕಿಗಳೆಂದು ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಅವರು ಕೊಂಡದ್ದು ಮಿಡಿಗಾಯಿ. ಮಿಡಿಯನ್ನು ಕೊಂಡ ಗೃಹಿಣಿಯು ಅದು ಹಣ್ಣಾಗಲೆಂದು ಕಾಯುವುದಿಲ್ಲ. ಉಪ್ಪಿನಕಾಯಿ ಹಾಕಿ ಆ ವರ್ಷವೆಲ್ಲ ಉಣಬಡಿಸುತ್ತಾಳೆ. ಹಣ್ಣನ್ನು ತಿನ್ನಬೇಕೆಂದಾಗ ಬೇರೆ ಹಣ ಕೊಟ್ಟು ಹಣ್ಣನ್ನೇ ತರಿಸುತ್ತಾಳೆ. ಮಿಡಿಯ ಬೆಲೆಯು ಮಿಡಿಗೆ ತಕ್ಕಂತಿದೆಯೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಆರು ಪಥಗಳ ಮಿಡಿಗೆ ಹಣ್ಣಿನ ಬೆಲೆಯ ಮೂರರಲ್ಲಿ ಎರಡು ಪಾಲು ನಮ್ಮ ಲೆಕ್ಕಕ್ಕೆ ಹೆಚ್ಚಾಯಿತು; ಮೂರು ವರ್ಷ ಅದನ್ನೇ ಆಡಿ ತಣಿದವರ ಲೆಕ್ಕವು ಬೇರೆಯಾಗಿರಬಹುದು.

ನಿಜವಾದ ಹೂವಿನ ವ್ಯಾಪಾರವು ಬಂದದ್ದು ಆಮೇಲೆ. ಅಮೆರಿಕದ ವಾಲ್ವ್ ಕಂಪನಿಯವರು 'ಸ್ಟೀಮ್' ಎಂಬ ಹೆಸರಿನ ಒಂದು ದೊಡ್ಡ ಅಂಗಡಿಯನ್ನು ಇಂಟರ್ನೆಟ್ಟಿನಲ್ಲಿ ನಡೆಸುತ್ತಾರೆ. ೨೦೧೩ರ ಮಾರ್ಚಿಯಲ್ಲಿ ಅವರು 'ಅರ್ಲಿ ಆಕ್ಸೆಸ್' ಎಂಬ ಒಂದು ವಿಭಾಗವನ್ನು ತೆರೆದರು. ಮುಂಚಿತವಾದ ಪ್ರವೇಶವೆಂದು ಇದರ ಅರ್ಥ. ಇಲ್ಲಿ ಹಣ ಕೊಟ್ಟವನಿಗೆ ಅರೆಯಾದ ಆಟವು ಒಡನೆಯೇ ದೊರೆಯುತ್ತದೆ. ನಿರ್ಮಾಪಕರು ಅದನ್ನು ತಿದ್ದಿ ಬೆಳೆಸಿದಂತೆಲ್ಲ ಹೊಸ ರೂಪಗಳು ತಾವಾಗಿಯೇ ಬಂದು ಸೇರುತ್ತವೆ. ಪೂರ್ಣವಾದ ದಿನ ಮತ್ತೆ ಹಣ ಕೊಡಬೇಕಾದುದಿಲ್ಲ. ಸಾಮಾನ್ಯವಾಗಿ ಬೆಲೆಯೂ ಪೂರ್ಣರೂಪದ ಬೆಲೆಗಿಂತ ಕಡಿಮೆ. ನಷ್ಟದ ಭಯವು ಮಾತ್ರ ಕೊಂಡವನದು: ನಿರ್ಮಾಪಕನು ನಡುವೆ ಕೈಬಿಟ್ಟರೆ ಅರೆಯಾಗಿದ್ದುದು ಅರೆಯಾಗಿಯೇ ಉಳಿಯುತ್ತದೆ. ಇದು ನಮ್ಮ ತೋಪಿನ ಗುತ್ತಿಗೆಯೇ ಸರಿ. ಈ ಸ್ಥಿತಿಯಲ್ಲಿಯೇ ಆಟವು ನಿಮಗೆ ರುಚಿಸದಿದ್ದರೆ ಕಾದು ನೋಡಿರೆಂದು ಆ ಅಂಗಡಿಯವರೇ ಕೊಳ್ಳುವವರಿಗೆ ಎಚ್ಚರಿಕೆಯನ್ನು ಬರೆದು ಹಾಕಿರುವರು. ಮಾರುವವನೇ ಹೀಗೆ ಹೇಳುವುದು ಅಪೂರ್ವ; ಹುಡುಗರು ಅದನ್ನು ಓದದೆ ಮುಂದಕ್ಕೆ ಹೋಗುವುದು ಅಪೂರ್ವವೇನೂ ಅಲ್ಲ.

ಕಾರು ಪಂದ್ಯದ ಆಟಗಳಲ್ಲಿ ಈ ಹೂವು ಹಣ್ಣಾದುದಕ್ಕೆ ಒಳ್ಳೆಯ ನಿದರ್ಶನಗಳುಂಟು. ಇಟಲಿಯ ರೋಮಾಪುರಿಯ ಸಮೀಪದಲ್ಲಿ, ವಲ್ಲೆಲುಂಗ ಎಂಬ ಪಂದ್ಯಪಥದ ಮಗ್ಗುಲಲ್ಲಿ ನೆಲೆಸಿದ ಕುನೊಸ್ ಸಿಮುಲಾಸಿಯೊನಿ ಎಂಬ ಚಿಕ್ಕ ಸಂಸ್ಥೆಯವರು 'ಅಸೆಟೊ ಕೋರ್ಸ' ಎಂಬ ಆಟವನ್ನು ೨೦೧೩ರ ನವೆಂಬರ್ ೮ರಂದು ಅರೆರೂಪದಲ್ಲಿ ಮಾರಾಟಕ್ಕಿಟ್ಟು, ೨೦೧೪ರ ಡಿಸೆಂಬರ್ ೧೯ರಂದು ಪೂರ್ಣಮಾಡಿಕೊಟ್ಟರು. ಹದಿಮೂರು ತಿಂಗಳು, ಹೇಳಿದಂತೆ ನಡೆದುಕೊಂಡರೆನ್ನಬೇಕು. ಫಿನ್‌ಲೆಂಡಿನ ಬಗ್‌ಬೇರ್ ಸಂಸ್ಥೆಯವರ ಆಟವು ೨೦೧೪ರ ಜನವರಿಯಲ್ಲಿ ಈ ವಿಭಾಗಕ್ಕೆ ಬಂದು, ನಡುವೆ ತನ್ನ ಹೆಸರನ್ನೇ 'ರೆಕ್‌ಫೆಸ್ಟ್' ಎಂದು ಬದಲಾಯಿಸಿಕೊಂಡು, ೨೦೧೮ರ ಜೂನ್ ೧೪ರಂದು ಮುಗಿಯಿತು. ನಾಲ್ಕು ವರ್ಷಕ್ಕೂ ಮೀರಿದ ಕಾಯುವಿಕೆ. ಮೊದಲ ದಿನ ಕೊಂಡ ಹೈಸ್ಕೂಲಿನ ಹುಡುಗನು ಅಷ್ಟರಲ್ಲಿ ಕಾಲೇಜನ್ನು ಸೇರಿರಬೇಕು. ಕುನೊಸಿನವರು ತಮ್ಮ ಆಟದ ಹೊಸ ಅವತಾರವಾದ 'ಅಸೆಟೊ ಕೋರ್ಸ ಇವೊ' ಎಂಬುದನ್ನು ೨೦೨೫ರ ಜನವರಿ ೧೬ರಂದು ಮತ್ತೆ ಇದೇ ರೀತಿಯಲ್ಲಿ ಮಾರಾಟಕ್ಕಿಟ್ಟರು. ಮೊದಲ ದಿನ ಅದರಲ್ಲಿದ್ದುದು ೨೦ ಕಾರುಗಳು, ೫ ಪಥಗಳು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಸುತ್ತಣ ಹಳ್ಳಿಗಾಡಿನ ರಸ್ತೆಗಳಲ್ಲಿ ಮನಬಂದಂತೆ ತಿರುಗಾಡುವ ಸೌಕರ್ಯವು ಮುಂದೆ ಬರುವುದೆಂದು ಹೇಳಿದ್ದರು. ಹೀಗೆ ಇದ್ದುದು ಯಾವುದು, ಬರಲಿರುವುದು ಯಾವುದು ಎಂದು ಎರಡು ಪಟ್ಟಿಗಳನ್ನು ಮಾಡಿ ಓದುವುದನ್ನು ಹುಡುಗರಿಗೆ ಕಲಿಸಬೇಕು. ಬೆಲೆ ಕಟ್ಟತಕ್ಕದ್ದು ಮೊದಲನೆಯ ಪಟ್ಟಿಗೆ.

ಇಷ್ಟೊಂದು ತಡವೇಕೆ ಎಂದು ಕೇಳುವವರು ಒಂದು ಕಾರನ್ನು ಪರದೆಗೆ ತರುವ ಕೆಲಸವನ್ನು ಊಹಿಸಿಕೊಳ್ಳಬೇಕು. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆ ಮರದ ತುಂಡನ್ನು ಪಟ್ಟಡೆಗೆ ಸಿಕ್ಕಿಸಿ, ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಹಿಡಿದು, ತಾಳೆಗರಿಯಿಂದ ಉಜ್ಜಿ ಹೊಳಪೇರಿಸಿ, ಒಂದು ಆಟದ ಬಂಡಿಯನ್ನು ಹಗಲು ಮುಗಿಯುವುದರೊಳಗೆ ನಿಮ್ಮ ಕೈಗೆ ಕೊಡಬಲ್ಲ. 'ಗ್ರಾನ್ ಟುರಿಸ್ಮೊ ೫'ರ ಅತ್ಯುತ್ತಮ ದರ್ಜೆಯ ಒಂದೊಂದು ಕಾರಿಗೆ ಒಬ್ಬನ ಆರು ತಿಂಗಳ ದುಡಿಮೆ ಬೇಕಾಗಿತ್ತೆಂದು ಯಮಾಉಚಿಯು ಹೇಳಿದ್ದುಂಟು. ಹೊರಮೈ, ಒಳಗಣ ಆಸನ, ಗಡಿಯಾರದ ಮುಳ್ಳು, ದೀಪದ ಗಾಜು ಎಲ್ಲವನ್ನೂ ಅಳತೆ ತೆಗೆದು ಕೂಡಿಸಬೇಕು. ಈ ಬಗೆಯ ಶ್ರಮವು ದೂರದೇಶದ್ದೆಂದು ನಮ್ಮವರು ತಿಳಿಯಬೇಕಾದುದಿಲ್ಲ. ೧೯೯೭ರಲ್ಲಿ ರಾಜೇಶ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ನಮ್ಮ ದೇಶದ ಮೊದಮೊದಲ ವಿಡಿಯೋ ಗೇಮು ಸಂಸ್ಥೆಗಳಲ್ಲಿ ಒಂದು. ಮೈಕ್ರೋಸಾಫ್ಟಿನವರ 'ಫೋರ್ಜಾ' ಎಂಬ ಪ್ರಸಿದ್ಧವಾದ ಪಂದ್ಯದ ಆಟಗಳ ಚಿತ್ರಕಾರ್ಯದಲ್ಲಿ ಅಲ್ಲಿಯ ಕಲಾವಿದರ ಪಾಲೂ ಉಂಟು. ೨೦೧೯ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯವರು ಕೊಂಡುಕೊಂಡರು. ಆದುದರಿಂದ ಅರೆಯಾದ ಆಟಕ್ಕೆ ಹಣ ಕೇಳುವ ಚಿಕ್ಕ ಸಂಸ್ಥೆಗಳೆಲ್ಲ ವಂಚಕರೆಂದು ಭಾವಿಸಲಾಗದು. ತಿಂಗಳ ಸಂಬಳವನ್ನು ಕೊಡುವುದಕ್ಕೆ ಅವರಿಗೆ ಮುಂಗಡವೇ ಆಧಾರವಾಗಿರುವುದುಂಟು.

ಇನ್ನೊಂದು ಬಗೆಯನ್ನು ನಾನು ಇಷ್ಟು ಔದಾರ್ಯದಿಂದ ನೋಡಲಾರೆ. ಆಟವು ಸಿದ್ಧವಾಗಿದೆ, ಬಿಡುಗಡೆಯ ದಿನವೂ ಗೊತ್ತಾಗಿದೆ. ಆದರೆ ಹೆಚ್ಚು ಬೆಲೆಯ ಪ್ರತಿಯನ್ನು ಕೊಂಡವರಿಗೆ ನಾಲ್ಕು ದಿನ ಮೊದಲೇ ಬಾಗಿಲು ತೆರೆಯುತ್ತದೆ. 'ಫೋರ್ಜಾ ಹೊರೈಜನ್ ೫' ಎಲ್ಲರಿಗೂ ದೊರೆತದ್ದು ೨೦೨೧ರ ನವೆಂಬರ್ ೯ರಂದು. ಹೆಚ್ಚು ಹಣ ಕೊಟ್ಟವರಿಗೆ ೫ರಂದೇ ದೊರೆಯಿತು. ಬಿಡುಗಡೆಗೆ ಮುಂಚೆಯೇ ಆಡಿದವರ ಸಂಖ್ಯೆಯು ಹತ್ತು ಲಕ್ಷವನ್ನು ಮೀರಿತ್ತೆಂದು ಆಗ ವರದಿಯಾಗಿತ್ತು. ದುಬಾರಿ ಪ್ರತಿಯಲ್ಲಿ ಬೇರೆ ಸವಲತ್ತುಗಳೂ ಇದ್ದುವೆಂಬುದು ನಿಜ. ಆದರೂ ಆ ನಾಲ್ಕು ದಿನಗಳ ಮಟ್ಟಿಗೆ ಇದು ಹೂವಿನ ವ್ಯಾಪಾರಕ್ಕೆ ನೇರವಾಗಿ ವಿರೋಧ. ಯುಗಾದಿಯ ಹೊತ್ತಿಗೆ ಬೆಂಗಳೂರಿನ ಪೇಟೆಯಲ್ಲಿ ಮೊದಲ ಬಾದಾಮಿ ಹಣ್ಣಿಗೆ ಕೇಳಿದಷ್ಟು ಕೊಟ್ಟು ಒಯ್ಯುವವರುಂಟಲ್ಲವೆ, ಹದಿನೈದು ದಿನ ಕಳೆದರೆ ಅದೇ ಹಣ್ಣು ಅರ್ಧ ಬೆಲೆಗೆ ಬರುವುದೆಂದು ಬಲ್ಲರೂ? ಅದು ಆತುರಕ್ಕೆ ಹಾಕಿದ ಸುಂಕ. ಉಳ್ಳವರು ಕೊಡಲಿ, ಹಾಲು ಕರೆದು ಮನೆ ನಡೆಸುವವರು ಕೊಡಬೇಕಾದುದಲ್ಲ.

ಹಾಲಿನ ಮಾತು ಸುಮ್ಮನೆ ಬಂದುದಲ್ಲ. ನಮ್ಮ ಸೋಲೂರಿನ ಒಬ್ಬ ತಾಯಿಯು ಈಚೆಗೆ ಈ ಸಂಗತಿಯನ್ನೇ ಹಿಡಿದುಕೊಂಡು ವಿಚಾರಿಸಲು ಬಂದಿದ್ದಳು. ಮಗನಿಗೆ ಹದಿನೇಳು ವರ್ಷ, ಎರಡನೆಯ ಪಿ.ಯು.ಸಿ. ಓದುತ್ತಾನೆ. "ಮೇಷ್ಟ್ರೇ, ಇನ್ನೂ ಮಾಡಿ ಮುಗಿಸದ ಆಟಕ್ಕೆ ಈಗಲೇ ದುಡ್ಡು ಕೊಡು ಅಂತಾನೆ. ಡೇರಿ ಬಟವಾಡೆ ಆಗಲಿ ಅಂತ ತಡೆದಿದ್ದೀನಿ. ಕೊಡಲೋ ಬೇಡವೋ, ನೀವೇ ಹೇಳಿ" ಎಂದಳು. ಬೇಡವೆನ್ನುವುದು ಅವಳಿಗೂ ಸುಲಭವಾಗಿರಲಿಲ್ಲ. ಊರಿನ ಪಕ್ಕದಲ್ಲಿಯೇ ಬೆಂಗಳೂರು ಮಂಗಳೂರು ಹೆದ್ದಾರಿ. ರಾತ್ರಿಯ ವೇಳೆ ಮೋಟಾರು ಬೈಕುಗಳಲ್ಲಿ ಪಂದ್ಯ ಕಟ್ಟಿ ಓಡುವ ಹುಡುಗರ ಗುಂಪೊಂದು ಮಗನನ್ನು ಕರೆಯುತ್ತಿತ್ತು. ವೇಗದ ಚಪಲವನ್ನು ಮನೆಯೊಳಗೇ ತೀರಿಸಿಕೊಳ್ಳಲಿ, ಹೆದ್ದಾರಿಗೆ ಹೋಗದಿದ್ದರೆ ಸಾಕು ಎಂಬುದು ಅವಳ ಎದೆಯೊಳಗಣ ಮಾತು. ಹಣ ಹೋದರೆ ಹದಿನೈದು ದಿನದ ಹಾಲು. ಬೇಡವೆಂದರೆ ಏನಾಗುವುದೋ ಎಂಬ ದಿಗಿಲು.

ಹುಡುಗನನ್ನು ಕರೆಯಿಸಿ ವಿಚಾರಿಸಿದೆ. ಇಂದು ಅದರಲ್ಲಿ ಏನಿದೆಯೆಂದು ಕೇಳಿದರೆ ಕಾರುಗಳ ಹೆಸರುಗಳನ್ನೂ ಪಥಗಳ ಹೆಸರುಗಳನ್ನೂ ಅಮರಕೋಶದಂತೆ ಒಪ್ಪಿಸಿದ. ಪೂರ್ಣವಾದಾಗ ಮತ್ತೆ ಹಣ ಕೊಡಬೇಕೇ ಎಂದರೆ ಬೇಡವೆಂದು ಬರಹವನ್ನೇ ತೋರಿಸಿದ. "ನಿನ್ನ ಯಂತ್ರಕ್ಕೆ ಅದನ್ನು ನಡೆಸುವ ಶಕ್ತಿ ಉಂಟೇನಯ್ಯ?" ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿದ. "ಅಣ್ಣನ ಹಳೇ ಲ್ಯಾಪ್‌ಟಾಪು ಸಾರ್. ಈಗ ಸ್ವಲ್ಪ ಕಷ್ಟ. ಪೂರ್ತಿ ಆಗೋ ಹೊತ್ತಿಗೆ ಹಗುರ ಮಾಡ್ತಾರೆ ಅಂತ ಎಲ್ಲರೂ ಹೇಳ್ತಾರೆ." ಇಂಥ ಆಟಗಳಿಗೆ ಚಿತ್ರವನ್ನು ರಚಿಸುವ ಪ್ರತ್ಯೇಕವಾದ ಒಂದು ಬಲವಾದ ಅಂಗವು ಯಂತ್ರದಲ್ಲಿರಬೇಕು, ಗ್ರಾಫಿಕ್ಸ್ ಕಾರ್ಡ್ ಎಂದು ಅದರ ಹೆಸರು. ಅರೆಯಾದ ಆಟವು ಇನ್ನೂ ನಯವಾಗಿರದ ಕಾರಣ ಅದಕ್ಕೆ ಇನ್ನೂ ಹೆಚ್ಚಿನ ಬಲ ಬೇಕಾಗುವುದುಂಟು. ಎಷ್ಟು ಬೇಕೆಂಬುದನ್ನು ಮಾರಾಟದ ಪುಟದ ಕೆಳಗೆ ಬರೆದಿರುತ್ತಾರೆ. ಹುಡುಗನು ಅದನ್ನು ಓದಿದ್ದ. ಓದಿ ಮರೆಯಲು ಯತ್ನಿಸಿದ್ದ.

ಸ್ಟೀಮಿನಲ್ಲಿ ಒಂದು ಒಳ್ಳೆಯ ನಿಯಮವುಂಟು. ೨೦೧೫ರ ಜೂನ್ ತಿಂಗಳಲ್ಲಿ ಬಂದುದು. ಕೊಂಡ ಹದಿನಾಲ್ಕು ದಿನಗಳೊಳಗಾಗಿ, ಆಡಿದ ಕಾಲವು ಎರಡು ಗಂಟೆಗೆ ಮೀರದಿದ್ದರೆ, ಕೇಳಿದವರಿಗೆ ಹಣವನ್ನು ಹಿಂದಕ್ಕೆ ಕೊಡುತ್ತಾರೆ. ಅರೆಯಾದ ಆಟಕ್ಕೂ ಇದು ಅನ್ವಯಿಸುತ್ತದೆ. ಬಿಡುಗಡೆಗೆ ಮುಂಚಿನ ದುಬಾರಿ ದಿನಗಳಲ್ಲಿ ಆಡಿದ ಕಾಲವನ್ನೂ ೨೦೨೪ರ ಏಪ್ರಿಲ್‌ನಿಂದ ಈ ಎರಡು ಗಂಟೆಗಳೊಳಗೇ ಎಣಿಸುತ್ತಾರೆ. ಇದನ್ನು ತಾಯಿಗೂ ಮಗನಿಗೂ ತಿಳಿಸಿ, ಎದುರಿಗೆ ಗಡಿಯಾರವನ್ನಿಟ್ಟುಕೊಂಡು ಪರೀಕ್ಷಿಸಿ ನೋಡಿರೆಂದೆ. ಬಟವಾಡೆಯಾದ ದಿನ ಸಂಜೆ ತಾಯಿಯ ಫೋನಿನಿಂದ ಹಣ ಸಂದಾಯವಾಯಿತು. ಒಂದು ಗಂಟೆ ಕಳೆಯುವುದರೊಳಗೆ ಹುಡುಗನಿಗೆ ತಿಳಿದುಹೋಯಿತು: ಕಾರು ಓಡುವುದರ ಬದಲು ಚಿತ್ರಪಟಗಳ ಪುಸ್ತಕವನ್ನು ಮಗುಚಿದಂತೆ ತಡೆತಡೆದು ಸಾಗುತ್ತಿತ್ತು, ಲ್ಯಾಪ್‌ಟಾಪು ದೋಸೆಯ ಕಾವಲಿಯಂತೆ ಕಾದಿತ್ತು. ಅಂದೇ ಹಿಂದಕ್ಕೆ ಕೇಳಿದ. ಕೆಲವು ದಿನಗಳಲ್ಲಿ ಹಣವು ಬಂದಿತು. ಅದರಲ್ಲಿ ಒಂದು ಪಾಲನ್ನು ಮಾತ್ರ ತೆಗೆದು, ರಿಯಾಯಿತಿಯ ಕಾಲದಲ್ಲಿ, ೨೦೧೪ರಲ್ಲಿಯೇ ಹಣ್ಣಾಗಿದ್ದ ಹಳೆಯ 'ಅಸೆಟೊ ಕೋರ್ಸ'ವನ್ನು ಕೊಂಡಿರುವನು. ಅದು ಆ ಯಂತ್ರದಲ್ಲಿ ನಯವಾಗಿ ಓಡುತ್ತದಂತೆ. ರಾತ್ರಿ ಒಂಬತ್ತರ ಮೇಲೆ ಪರದೆಯಲ್ಲಿ ಇಟಲಿಯ ರಸ್ತೆಯಿರುತ್ತದೆ. ನಮ್ಮ ಹೆದ್ದಾರಿಯಲ್ಲಿ ಅವನಿರುವುದಿಲ್ಲ. ಓದಿನ ವಿಷಯವನ್ನು ತಾಯಿಯು ಇನ್ನೂ ಹೇಳಿಲ್ಲ.

ಇಲ್ಲಿ ಗೃಹಸ್ಥರು ಗಮನಿಸಬೇಕಾದ ಕಾನೂನಿನ ಅಂಶವೊಂದುಂಟು. ಮುಂದೆ ಉಂಟಾಗಲಿರುವ ಸರಕನ್ನು ಇಂದೇ ಮಾರಿದೆವೆಂದು ಬರೆದುಕೊಂಡರೂ ಅದು ಮಾರಾಟವಾಗದೆ, ಮಾರುವೆವೆಂಬ ಒಪ್ಪಂದ ಮಾತ್ರವಾಗುವುದೆಂದು ನಮ್ಮ ೧೯೩೦ರ ಸರಕು ಮಾರಾಟದ ಶಾಸನವು ಹೇಳುತ್ತದೆ. ಇಂಟರ್ನೆಟ್ಟಿನ ಆಟಕ್ಕೆ ಆ ಶಾಸನವನ್ನು ಅಕ್ಷರಶಃ ಹಚ್ಚಲಾಗದಿದ್ದರೂ ಅದರ ವಿವೇಕವು ಇಲ್ಲಿಯೂ ಸಲ್ಲುತ್ತದೆ. ಹದಿನೆಂಟು ತುಂಬದವನು ಮಾಡಿಕೊಂಡ ಕರಾರು ೧೮೭೨ರ ಕರಾರು ಶಾಸನದಂತೆ ಊರ್ಜಿತವಲ್ಲವಾದುದರಿಂದ, ಹಣ ಕೊಡುವ ಖಾತೆಯು ತಂದೆತಾಯಿಗಳದಾಗಿದ್ದರೆ ಒಪ್ಪಿಗೆಯೂ ಅವರದೇ ಆಗಿರಬೇಕು. ಯು.ಪಿ.ಐ. ಗುಪ್ತಸಂಖ್ಯೆಯನ್ನು ಮಗನಿಗೆ ಹೇಳಿಟ್ಟು, ಆಮೇಲೆ ಕಳ್ಳನೆಂದು ಜರೆಯುವುದು ಕೆಲವು ಮನೆಗಳಲ್ಲಿ ನಡೆದಿರುವುದು. ಸಂದಾಯದ ರಸೀತಿಯು ಇ-ಮೇಲಿನಲ್ಲಿ ಬರುತ್ತದೆ. ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಹಣ್ಣಾದುದನ್ನೇ ಕೊಂಡೆವೆಂದು ಪೂರ್ಣ ನಿಶ್ಚಿಂತೆಯಿಂದಿರುವುದಕ್ಕೂ ಈಗ ಆಗದು. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯವರು ೨೦೧೪ರ ಡಿಸೆಂಬರಿನಲ್ಲಿ ಹೊರತಂದ 'ದಿ ಕ್ರೂ' ಎಂಬ ಕಾರು ಪಂದ್ಯದ ಆಟವು ಸಂಸ್ಥೆಯ ಸರ್ವರುಗಳೆಂಬ ದೂರದ ಯಂತ್ರಗಳ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. ೨೦೨೪ರ ಮಾರ್ಚ್ ೩೧ರಂದು ಆ ಯಂತ್ರಗಳನ್ನು ನಿಲ್ಲಿಸಿದರು. ಅಂದಿಗೆ, ಪೂರ್ತಿ ಬೆಲೆ ಕೊಟ್ಟು ಕೊಂಡವರ ಮನೆಯಲ್ಲಿದ್ದ ಆಟವೂ ನಿಂತಿತು. ಇದರಿಂದ ಯೂರೋಪಿನಲ್ಲಿ ದೊಡ್ಡ ಚಳವಳಿಯೇ ಎದ್ದು, ಮಾರಿದ ಆಟವನ್ನು ಕೊಲ್ಲಬಾರದೆಂಬ ಮನವಿಗೆ ೨೦೨೫ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೨೦೨೫ರ ಜನವರಿಯಿಂದ, ಇಂಥ ಸರಕನ್ನು ಮಾರುವವರು ತಾವು ಕೊಡುತ್ತಿರುವುದು ಒಡೆತನವಲ್ಲ, ಬಳಸುವ ಅನುಮತಿ ಮಾತ್ರವೆಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಜಾರಿಗೆ ಬಂದಿತು. ಆದುದರಿಂದ ಇಂಟರ್ನೆಟ್ಟಿನ ಸಂಪರ್ಕವನ್ನು ಕಿತ್ತರೂ ಆಟವು ನಡೆಯುವುದೇ ಎಂಬ ಪ್ರಶ್ನೆಯನ್ನೂ ಹುಡುಗನಿಗೆ ಹಾಕುವುದೊಳ್ಳೆಯದು. ೨೦೦೭ರ ಆ ಪ್ರಸ್ತಾವನೆಯ ತಟ್ಟೆಯು, ಹಳೆಯ ಪ್ಲೇಸ್ಟೇಷನ್ ೩ನ್ನು ಕೆಡದಂತೆ ಇಟ್ಟುಕೊಂಡಿರುವವರ ಮನೆಯಲ್ಲಿ ತನ್ನ ಪಥಗಳನ್ನು ಇಂದಿಗೂ ತೋರಿಸುತ್ತದೆ.